ಜೇವರ್ಗಿಯಲ್ಲಿಲ್ಲದ ಹುಳ

ಸೈದಪ್ಪ ಮಾಸ್ತರ ಸುಳ್ಳು ಬರೆದದ್ದು ಐದೇ ಐದು ಚೀಟಿಗಳಲ್ಲಿ. ಒಂದೊಂದು ಚೀಟಿಯೂ ಹೆಬ್ಬೆರಳಿನ ಉಗುರಿನಷ್ಟಿತ್ತು. ಹುಳ ಸಿಕ್ಕ ಜಾಗ, ತಾರೀಖು, ಹಿಡಿದವನ ಹೆಸರು, ಇಷ್ಟೇ ಅದರಲ್ಲಿ ಹಿಡಿಸುವುದು. ಆ ವರ್ಷ ನಿಜಾಮನ ಸೀಮೆಯಲ್ಲಿ ದೊಡ್ಡ ದೊಡ್ಡ ಸುಳ್ಳುಗಳು ಹಾಡಹಗಲೇ ತಿರುಗಾಡುತ್ತಿದ್ದವು. ಒಂದು ಸತ್ತ ಹುಳದ ಕೆಳಗೆ ಚುಚ್ಚಿದ ಚೀಟಿಯನ್ನು ಯಾರು ಕೇಳುತ್ತಾರೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

ಅವನು ಜಿಡಗಾದವನು. ಕಲಬುರ್ಗಿಯಲ್ಲಿ ಮೆಟ್ರಿಕ್ ಮುಗಿಸಿ ಆಳಂದ ತಾಲೂಕಿನ ಗುಡ್ಡದ ಮೇಲಿನ ಒಂದು ಸಣ್ಣ ಹಳ್ಳಿಯಲ್ಲಿ ಶಾಲೆ ನಡೆಸುತ್ತಿದ್ದ. ಇಪ್ಪತ್ತೇಳು ವರ್ಷ ವಯಸ್ಸು. ಉರ್ದು ಇರಲಿ, ಕನ್ನಡ ಇರಲಿ, ಅವನ ಅಕ್ಷರ ನೋಡಿದವರು ಇನ್ನೊಮ್ಮೆ ನೋಡುತ್ತಿದ್ದರು. ಆ ಅಕ್ಷರ ನೋಡಿಯೇ ಖಾದರಸಾಬರು ಅವನನ್ನು ತಮ್ಮ ಕೆಲಸಕ್ಕೆ ಕರೆದದ್ದು.

ಖಾದರಸಾಬರು ಹೈದರಾಬಾದಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿ, ನಿವೃತ್ತರಾಗಿ ಕಲಬುರ್ಗಿಗೆ ಬಂದು ನೆಲೆಸಿದ್ದರು. ಮನೆಯ ನಡುಕೋಣೆಯ ತುಂಬ ಗಾಜಿನ ಮುಚ್ಚಳದ ಪೆಟ್ಟಿಗೆಗಳು, ಅವುಗಳ ತುಂಬ ಸೂಜಿ ಚುಚ್ಚಿದ ದುಂಬಿಗಳು. ಡಾಂಬರ ಗುಳಿಗೆಯ ವಾಸನೆ ಅಡಿಗೆಮನೆಯವರೆಗೂ ಹೋಗುತ್ತಿತ್ತು. ಅವರ ಹೆಂಡತಿ ಮದೀನಾಬಿ ಬಂದವರಿಗೆಲ್ಲ, 'ನಮ್ಮನ್ಯಾಗ ಹುಳ ಒಳಗ, ನಾವು ಹೊರಗ' ಎಂದು ಹೇಳಿ ನಗುತ್ತಿದ್ದರು. ಮಕ್ಕಳಿರಲಿಲ್ಲ. ಸೈದಪ್ಪ ಹೋದಾಗಲೆಲ್ಲ ಅವನಿಗೆ ಬೇರೆ ತಾಟಿನಲ್ಲಿ ಹಣ್ಣು ಹಂಪಲು ಇಟ್ಟುಕೊಡುತ್ತಿದ್ದರು. ಬೇಯಿಸಿದ್ದನ್ನು ಅವನು ತಿನ್ನುವುದಿಲ್ಲ ಎಂಬುದನ್ನು ಅವನು ಹೇಳುವ ಮೊದಲೇ ತಿಳಿದುಕೊಂಡಿದ್ದರು.

ಕಥೆ ಶುರುವಾದದ್ದು ನಲವತ್ತೇಳರ ಜೂನ್ ತಿಂಗಳಲ್ಲಿ. ಮೊದಲ ಮಳೆ ಬಿದ್ದ ಮೂರನೆಯ ದಿನ ಮಲ್ಕಮ್ಮ ಎಂಬವಳು ಶಾಲೆಯ ಕಟ್ಟೆಯ ಹತ್ತಿರ ಬಂದು ನಿಂತಳು. ಊರ ಹೊರಗಿನ ಕೇರಿಯವಳು, ಸೈದಪ್ಪನಿಗಿಂತ ಹತ್ತು ವರ್ಷ ದೊಡ್ಡವಳು. ಗುಡ್ಡದಿಂದ ಕಟ್ಟಿಗೆ ತಂದು ಆಳಂದದ ಪೇಟೆಯಲ್ಲಿ ಮಾರುವುದು ಅವಳ ಉದ್ಯೋಗ. ಸೈದಪ್ಪ ಹುಳ ಕೂಡಿಸುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಹುಳವನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಅವಳು ಸರಿದ ಮೇಲೆಯೇ ಅವನು ಹೋಗಿ ಎತ್ತಿಕೊಂಡ. ಅದು ಅವರಿಬ್ಬರಿಗೂ ರೂಢಿ.

ಎರಡು ಬೆರಳುದ್ದದ ಹುಳ. ಕರಿ ಮೈ, ಬೆನ್ನಿನ ಮೇಲೆ ತಾಮ್ರದ ಹೊಳಪು. ಬಾಯಿಯ ಮುಂದೆ ಅಕ್ಕಸಾಲಿಗನ ಇಕ್ಕಳದಂಥ ಎರಡು ಕೊಂಬು.

'ಇದಕ್ಕ ನಾವು ಇಕ್ಕಳದ ಹುಳ ಅಂತೇವ್ರಿ ಮಾಸ್ತರ್ರ,' ಅಂದಳು. 'ಧೂಪದ ಗಿಡ ಬಿದ್ದು ಕೊಳಿತದಲ್ರಿ, ಅದರ ಹೊಟ್ಟಿಯಾಗ ಇರ್ತದ. ಬ್ಯಾರೆ ಗಿಡದಾಗ ನಾ ಹುಟ್ಟಿದಾಗಿಂದ ಕಂಡಿಲ್ಲ.'

ಧೂಪದ ಗಿಡ ಬೆಳೆಯುವುದು ಗುಡ್ಡದ ನೆತ್ತಿಯ ಕಲ್ಲುನೆಲದಲ್ಲಿ. ಮಲ್ಕಮ್ಮ ಮುಂದೆ, ಸೈದಪ್ಪ ಹಿಂದೆ, ನಾಲ್ಕು ದಿನ ಅಲ್ಲಿ ತಿರುಗಿದರು. ಕೊಳೆತ ಬೊಡ್ಡೆಯನ್ನು ಅವಳು ಕೊಡಲಿಯ ಹಿಂಬದಿಯಿಂದ ಒಮ್ಮೆ ಬಡಿದು, ಕಿವಿಗೊಟ್ಟು ಕೇಳಿ, 'ಇದರಾಗ ಅದ' ಅಥವಾ 'ಇದರಾಗ ಇಲ್ಲ' ಅನ್ನುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲ. ಹತ್ತೊಂಬತ್ತು ಹುಳ ಸಿಕ್ಕವು. ಚೀಟಿಗಳ ಮೇಲೆ ಹಿಡಿದವನ ಹೆಸರು ಬರೆಯುವಲ್ಲಿ ಸೈದಪ್ಪ ತನ್ನ ಹೆಸರನ್ನೇ ಬರೆದ. ಅದು ಸುಳ್ಳೆಂದು ಅವನಿಗೆ ಆಗ ಅನ್ನಿಸಲೂ ಇಲ್ಲ.

ಖಾದರಸಾಬರು ಎರಡು ಹುಳಗಳನ್ನು ಕಲಕತ್ತೆಯ ಒಬ್ಬ ತಜ್ಞರಿಗೆ ಕಳಿಸಿದರು. ಆಗಸ್ಟ್ ಮೊದಲ ವಾರ ಉತ್ತರ ಬಂತು. ಇದು ಎತ್ತರದ ಕಾಡುಗಳ ಜಾತಿ, ತೆಂಕಣ ದೊಡ್ಡ ಗುಡ್ಡಗಳಲ್ಲಿ ಬಿಟ್ಟರೆ ಬೇರೆಲ್ಲೂ ಯಾರೂ ಕಂಡಿಲ್ಲ, ನಿಮ್ಮ ಒಣಸೀಮೆಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಇದೆಯೆಂದು ನೋಡಿ ತಿಳಿಸಿದರೆ ದೊಡ್ಡ ಉಪಕಾರ, ಎಂದು ಅವರು ಬರೆದಿದ್ದರು. ಖಾದರಸಾಬರು ಆ ಕಾಗದವನ್ನು ಮೂರು ಸಲ ಓದಿ, ಮೇಜಿನ ಮೇಲೆ ನಕಾಶೆ ಹಾಸಿ ಸೈದಪ್ಪನನ್ನು ಹತ್ತಿರ ಕರೆದರು.

'ನೋಡು. ಆಳಂದದ ಮಡ್ಡಿ ಎತ್ತರ. ಅಫಜಲಪುರ ಭೀಮಾನದಿ ದಂಡಿ, ತಗ್ಗು. ಜೇವರ್ಗಿ ಎರಿಭೂಮಿ, ಬಯಲು. ಹುಳ ಬರೇ ಎತ್ತರದಾಗ ಇರ್ತದೋ, ತಗ್ಗಿಗೂ ಇಳದದೋ, ಇದು ನಮಗ ಗೊತ್ತಾಗಬೇಕು. ಹೊಳಿ ದಂಡಿ ಹಿಡಿದು ಮಣ್ಣೂರ ತನಕ ಹೋಗು. ಆಮ್ಯಾಲ ಜೇವರ್ಗಿ ನೋಡು. ಎಲ್ಲಿ ಅದ ಅನ್ನೋದು ಅಷ್ಟ ಅಲ್ಲ ಸೈದಪ್ಪ, ಎಲ್ಲಿ ಇಲ್ಲ ಅನ್ನೋದೂ ಬರಿ. ಇಲ್ಲ ಅನ್ನೋದೂ ಒಂದು ಸುದ್ದಿನೇ.'

ಸೈದಪ್ಪ ಹೊರಟದ್ದು ಆಗಸ್ಟ್ ಕೊನೆಯಲ್ಲಿ. ಅಷ್ಟರಲ್ಲಿ ಹಿಂದುಸ್ತಾನಕ್ಕೆ ಸ್ವಾತಂತ್ರ್ಯ ಬಂದಿತ್ತು, ನಿಜಾಮನ ಸೀಮೆಗೆ ಬಂದಿರಲಿಲ್ಲ. ಗಡಿಯ ಆಚೆಯಿಂದ ಚಳವಳಿಯವರು ನುಗ್ಗುತ್ತಾರೆಂದು ಈಚೆ ದಾರಿ ದಾರಿಗೂ ನಾಕಾ ಇಟ್ಟಿದ್ದರು. ಅಫಜಲಪುರದ ದಾರಿಯ ಒಂದು ನಾಕಾದಲ್ಲಿ ನಿಜಾಮನ ಪರ ಆಯುಧ ಹಿಡಿದ ರಜಾಕಾರರು ಅವನನ್ನು ನಿಲ್ಲಿಸಿದರು. ತಗಡಿನ ಪೆಟ್ಟಿಗೆ ತೆಗೆಸಿದರು. ಸ್ಪಿರಿಟ್ ಬಾಟಲಿ, ಸೂಜಿ, ಚಿಮಟಿಗೆ ಇದ್ದವು. ಅವುಗಳ ಕೆಳಗೆ ಪೆನ್ಸಿಲ್ ಗುರುತಿನ ನಕಾಶೆ.

'ನಕಾಶೆ ಯಾರಿಗಿ ಒಯ್ಯಾಕತ್ತಿ?'

ಹುಳದ ಸಲುವಾಗಿ ಎಂದು ಅವನು ಹೇಳಿದ. ಅವರು ನಕ್ಕರು. ಒಬ್ಬ ಕಪಾಳಕ್ಕೆ ಹೊಡೆದ. ನಡುಮಧ್ಯಾಹ್ನದವರೆಗೆ ಬಿಸಿಲಲ್ಲಿ ಮೊಣಕಾಲೂರಿ ಕೂರಿಸಿದರು. ಬಂದೂಕು ಹಿಡಿದವನು ಆಗಾಗ ಬಂದು, ಅದರ ತುದಿಯನ್ನು ಅವನ ಕಿವಿಯ ಹಿಂದೆ ಮುಟ್ಟಿಸಿ ಹೋಗುತ್ತಿದ್ದ. ಕೊನೆಗೆ ಅವನ ಜೇಬಿನಲ್ಲಿದ್ದ ಖಾದರಸಾಬರ ಉರ್ದು ಪತ್ರ ಓದಬಲ್ಲ ಒಬ್ಬನು ಬಂದು ಬಿಡಿಸಿದ. ನಕಾಶೆ ಹರಿದು ಅಲ್ಲೇ ಒಲೆಗೆ ಹಾಕಿದರು.

ಸೈದಪ್ಪ ಮುಂದಕ್ಕೆ ಹೋಗಲಿಲ್ಲ. ಹಿಂದಿರುಗಿ ಅಕ್ಕ ಬಾಳಮ್ಮನ ಊರಿಗೆ ಹೋಗಿ ಅವಳ ಮನೆಯ ಪಡಸಾಲೆಯಲ್ಲಿ ಹನ್ನೆರಡು ದಿನ ಬಿದ್ದುಕೊಂಡ. ಬಾಗಿಲು ಸಪ್ಪಳವಾದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಅಕ್ಕ ಏನಾಯ್ತೆಂದು ಕೇಳಿದರೆ ಗೋಡೆಗೆ ಮುಖ ಮಾಡಿದ. ಹೆದರಿಕೆಗಿಂತ ಹೆಚ್ಚಾಗಿ, ಹೆದರಿದೆನಲ್ಲ ಎಂಬುದು ಅವನನ್ನು ತಿನ್ನುತ್ತಿತ್ತು. ಖಾದರಸಾಬರ ಮುಂದೆ ಹೋಗಿ, ನಾಕಾದಿಂದಲೇ ತಿರುಗಿ ಬಂದೆ ಎಂದು ಹೇಳುವುದನ್ನು ನೆನೆದರೆ ಮತ್ತೆ ಹೊದಿಕೆ ಎಳೆದುಕೊಳ್ಳುತ್ತಿದ್ದ.

ಹದಿಮೂರನೆಯ ದಿನ ಅವನು ಪೆಟ್ಟಿಗೆ ತೆಗೆದ. ಹೋಲಿಸಿ ನೋಡಲೆಂದು ತಾನೇ ಇಟ್ಟುಕೊಂಡಿದ್ದ ಆಳಂದದ ಗುಡ್ಡದ ಐದು ಹುಳಗಳು ಅದರ ತಳದಲ್ಲಿದ್ದವು; ಅವಕ್ಕೆ ಇನ್ನೂ ಚೀಟಿ ಹಾಕಿರಲಿಲ್ಲ, ಖಾದರಸಾಬರು ಅವನ್ನು ಕಂಡಿರಲಿಲ್ಲ. ಎಲ್ಲಿಯೂ ಸಿಗಲಿಲ್ಲ ಎಂದು ಬರೆದರೆ, ಹೋದದ್ದೇ ಸುಳ್ಳೆಂಬ ಗುಮಾನಿ ಬಂದೀತು. ಹುಳ ಕೈಯಲ್ಲಿದ್ದರೆ ಯಾರೂ ಕೇಳಲಾರರು. ಎರಡಕ್ಕೆ ಮಣ್ಣೂರ ಎಂದು ಬರೆದ. ಮೂರಕ್ಕೆ ಬರೆದದ್ದು: ಜೇವರ್ಗಿಯಿಂದ ತೆಂಕಣಕ್ಕೆ ಎರಡು ಹರದಾರಿ, ಹಳ್ಳದ ದಂಡೆ, ಬಿದ್ದ ಮರದ ಬೊಡ್ಡೆ. ಅಕ್ಷರ ಎಂದಿನಂತೆಯೇ ಚಂದವಾಗಿ ಬಂದವು.

ಖಾದರಸಾಬರು ಆ ಐದು ಹುಳಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದು ತಿರುತಿರುಗಿಸಿ ನೋಡಿದರು. ಆಮೇಲೆ ಎದ್ದು ಬಂದು ಸೈದಪ್ಪನ ಎರಡೂ ಕೈ ಹಿಡಿದುಕೊಂಡರು.

'ನಾ ತಪ್ಪು ತಿಳಕೊಂಡಿದ್ದೆ. ಎತ್ತರದ ಹುಳ ಅಂತ ಎಲ್ಲಾರೂ ತಪ್ಪು ತಿಳಕೊಂಡಾರ. ಇಂಥಾ ದಿನಮಾನದಾಗ ಜೀವದ ಹಂಗು ಬಿಟ್ಟು ಹೋಗಿ ಬಂದಿ ನೀ. ನಮ್ಮ ಪ್ರಬಂಧದಾಗ ನಿನ್ನ ಹೆಸರು ನನ್ನ ಹೆಸರಿನ ಜೋಡಿ ಬರ್ತದ.'

ಮದೀನಾಬಿ ಒಳಗಿನಿಂದ ಬೆಲ್ಲ ತಂದು ಕೊಟ್ಟರು. ಸೈದಪ್ಪ ಅದನ್ನು ಬಾಯಿಗೆ ಹಾಕಿಕೊಂಡ. ಆ ಗಳಿಗೆಯಲ್ಲಿ ಹೇಳಿಬಿಟ್ಟಿದ್ದರೆ ಒಂದು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು ಎಂದು ಅವನು ಮುಂದೆ ನೂರು ಸಲ ನೆನೆದ. ಆದರೆ ಬೆಲ್ಲ ಬಾಯಲ್ಲಿತ್ತು, ಕೈಗಳು ಮುದುಕನ ಕೈಯಲ್ಲಿದ್ದವು.

ಮರುವರ್ಷದ ಜೂನ್‌ಗೆ ಶಾಲೆ ಮುಚ್ಚಿತ್ತು. ಊರಿನ ಅರ್ಧ ಜನ ರಜಾಕಾರರಿಗೆ ಹೆದರಿ ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋಗಿದ್ದರು. ಅಂಥದ್ದರಲ್ಲೂ ಖಾದರಸಾಬರು, ಒಂದು ಸಲ ಕಣ್ಣಾರೆ ನೋಡಬೇಕೆಂದು, ರಸೂಲ ಎಂಬ ಬಾಡಿಗೆ ಬಂಡಿಯವನ ಬಂಡಿಯಲ್ಲಿ ಆಳಂದದ ಗುಡ್ಡಕ್ಕೆ ಬಂದರು. ಸೈದಪ್ಪ ಮಲ್ಕಮ್ಮನನ್ನು ಕರೆಸಲೇಬೇಕಾಯಿತು. ಅವಳಿಲ್ಲದೆ ಅವನಿಗೆ ಒಂದು ಹುಳವೂ ಸಿಗುತ್ತಿರಲಿಲ್ಲ.

ಮಲ್ಕಮ್ಮ ಒಂದು ಬೊಡ್ಡೆ ಸೀಳಿ ಹುಳ ತೆಗೆದಳು, ರೂಢಿಯಂತೆ ಕಲ್ಲಿನ ಮೇಲೆ ಇಡಹೋದಳು. ಖಾದರಸಾಬರು ಅಂಗೈ ಚಾಚಿದರು. ಅವಳು ಒಮ್ಮೆ ಸೈದಪ್ಪನ ಕಡೆ ನೋಡಿ, ಮತ್ತೆ ಆ ಅಂಗೈಯಲ್ಲಿ ಹುಳ ಇಟ್ಟಳು.

'ನಿನಗ ಹ್ಯಾಂಗ ಗೊತ್ತಾಗ್ತದ ಬಾಯಿ, ಇದರಾಗ ಅದ ಅಂತ?' ಮುದುಕರು ಕೇಳಿದರು.

'ಸಪ್ಪಳದ ಮ್ಯಾಲ್ರಿ. ಹುಳ ತಿಂದಿದ್ರ ಒಳಗ ಬ್ಯಾರೆ ಸಪ್ಪಳ. ಆದ್ರ ಧೂಪದ ಗಿಡನೇ ಇರಬೇಕ್ರಿ ಮತ್ತ. ಧೂಪದ ಗಿಡ ಇಲ್ಲದ ಕಡಿ ಈ ಹುಳ ಇರಂಗಿಲ್ರಿ. ಕೆಳಗ ಹೊಲದಾಗ, ಹಳ್ಳದಾಗ ನೀವು ಜನ್ಮ ಹುಡುಕಿದ್ರೂ ಸಿಗಂಗಿಲ್ಲ.'

'ಸಿಕ್ಕದಲ್ಲ. ಜೇವರ್ಗಿ ಹಳ್ಳದ ದಂಡಿಮ್ಯಾಲ ಸಿಕ್ಕದ. ನಿಮ್ಮ ಮಾಸ್ತರನೇ ತಂದಾನ.'

ಮಲ್ಕಮ್ಮ ಸೈದಪ್ಪನ ಮುಖ ನೋಡಿದಳು. ಅವನು ಪೆಟ್ಟಿಗೆಯ ಪಟ್ಟಿ ಬಿಗಿಯುತ್ತಿದ್ದ. ಆ ಪಟ್ಟಿ ಬಿಗಿಯಾಗಿಯೇ ಇತ್ತು. ಅವಳು ನೋಡುವುದು ನಿಲ್ಲಿಸಲಿ ಎಂದು ಅವನು ಬೇಡಿಕೊಳ್ಳುತ್ತಿದ್ದ. ಅವಳು ನಿಲ್ಲಿಸಿದಳು. ಕೊಡಲಿಯನ್ನು ನೆಲಕ್ಕೂರಿ, 'ಹಂಗಿದ್ರ ಇರಬಹುದ್ರಿ. ನಾ ಏನ್ ಓದಿದಾಕಿನಾ? ಈ ಗುಡ್ಡ ಬಿಟ್ಟು ಎಲ್ಲಿ ನೋಡೀನಿ?' ಅಂದಳು.

ಮೂವತ್ತು ವರ್ಷ ಗುಡ್ಡದಲ್ಲಿ ಅಲೆದು ಗಳಿಸಿದ ತಿಳಿವನ್ನು ಅವಳು ಅವನಿಗಾಗಿ ಒಂದೇ ಮಾತಿನಲ್ಲಿ ಕೆಳಗಿಟ್ಟಳು. ಸೈದಪ್ಪನಿಗೆ ನಾಕಾದ ಕಪಾಳದ ಪೆಟ್ಟಿಗಿಂತ ಇದು ಹೆಚ್ಚು ಉರಿಯಿತು. ಆದರೂ ಅವನು ಬಾಯಿ ಬಿಡಲಿಲ್ಲ.

ಅವಳ ಮಾತು ಖಾದರಸಾಬರ ತಲೆಯಲ್ಲಿ ಉಳಿಯಿತು. ಬೆಟ್ಟದ ಹೆಂಗಸು ಅಷ್ಟು ಗಟ್ಟಿಯಾಗಿ ಹೇಳಬೇಕಾದರೆ, ಜೇವರ್ಗಿಯಲ್ಲಿ ಧೂಪದ ಗಿಡವಲ್ಲದೆ ಬೇರೆ ಯಾವ ಮರದಲ್ಲಿ ಹುಳ ಬದುಕಿದೆ? ಅದನ್ನು ನೋಡದೆ ಪ್ರಬಂಧ ಕಳಿಸಬಾರದು. ಮಳೆ ಸ್ವಲ್ಪ ಬಿಟ್ಟೊಡನೆ, ಸೆಪ್ಟೆಂಬರ್ ಮೊದಲ ವಾರ, ಅವರು ಜೇವರ್ಗಿಗೆ ಹೊರಟು ನಿಂತರು. ಹುಳ ಹೊರಗಿಲ್ಲದಿದ್ದರೂ ಅದರ ಮರಿ ಬೊಡ್ಡೆಯ ಒಳಗೆ ವರ್ಷವಿಡೀ ಇರುತ್ತದಲ್ಲ.

ಸೈದಪ್ಪ ಆಗ ಕಲಬುರ್ಗಿಯಲ್ಲೇ ಇದ್ದ, ಪ್ರಬಂಧದ ಶುದ್ಧಪ್ರತಿ ಬರೆಯುತ್ತಿದ್ದ.

'ಈಗ ಬ್ಯಾಡ್ರಿ ಸಾಹೇಬ್ರ,' ಅಂದ. 'ದಿನಮಾನ ಸರಿ ಇಲ್ಲ.'

'ಹೋದ ವರ್ಷ ಸರಿ ಇತ್ತೇನು? ಆದ್ರೂ ನೀ ಹೋಗಿ ಬಂದಿ. ಹುಡುಗ ಅಂಥಾ ದಾರಿ ತುಳಿದು ತಂದದ್ದನ್ನ ನಾ ಮನ್ಯಾಗ ಕುಂತು ಬರಿಯೋದು ನನಗ ನಾಚಿಕಿ ಆಗ್ತದ. ನೀನೂ ಬಾ, ಆ ಬೊಡ್ಡಿ ತೋರ್ಸು.'

'ನನಗ ಜ್ವರ ಬಂದಂಗ ಆಗ್ಯಾದ್ರಿ,' ಎಂದ ಸೈದಪ್ಪ.

ಖಾದರಸಾಬರು ಅವನ ಹಣೆ ಮುಟ್ಟಿ ನೋಡಿದರು. ನಿಜವಾಗಿಯೂ ಬಿಸಿಯಾಗಿತ್ತು. 'ಊರಿಗಿ ಹೋಗಿ ಮಲಕೋ. ಜಾಗ ಚೀಟಿಯಾಗ ಬರದೀಯಲ್ಲ, ಅಷ್ಟು ಸಾಕು,' ಎಂದು ರಸೂಲನ ಬಂಡಿ ಏರಿದರು. ರಸೂಲ ಇಪ್ಪತ್ತೆರಡರ ತರುಣ. ತಾಯಿಗೆ ಒಬ್ಬನೇ ಮಗ. ಎತ್ತುಗಳಿಗೆ ಮೇವು ಹಾಕಿ, ನಾಲ್ಕು ದಿನದಲ್ಲಿ ಬರುತ್ತೇವೆಂದು ಹೇಳಿ ಹೋದ.

ಹದಿಮೂರನೆಯ ತಾರೀಖು ಹಿಂದುಸ್ತಾನದ ಫೌಜು ಬಂತು. ಐದು ದಿನದಲ್ಲಿ ನಿಜಾಮನ ಆಳಿಕೆ ಮುಗಿಯಿತು. ಜಿಡಗಾದಲ್ಲಿ ಜನ ಓಣಿಯಲ್ಲಿ ಬೆಲ್ಲ ಹಂಚಿದರು. ಸೈದಪ್ಪನೂ ಹಗುರಾದ. ಆ ಹಗುರ ಎರಡು ದಿನ ಉಳಿಯಿತು. ಆಮೇಲೆ ಬೇರೆ ಸುದ್ದಿಗಳು ಬರತೊಡಗಿದವು. ರಜಾಕಾರರ ಮೇಲಿನ ಸಿಟ್ಟು ರಜಾಕಾರರಲ್ಲದವರ ಮೇಲೆ ತಿರುಗಿತ್ತು. ದಾಡಿ ಕಂಡರೆ ಸಾಕು ಎಂಬಂತಾಗಿತ್ತು, ಹಳ್ಳಿ ಹಳ್ಳಿಗಳಲ್ಲಿ.

ಮದೀನಾಬಿಯಿಂದ ಚೀಟಿ ಬಂತು. ಸೈದಪ್ಪ ಅರ್ಧ ದಾರಿ ನಡೆದು, ಅರ್ಧ ದಾರಿ ಫೌಜಿನ ಲಾರಿ ಹತ್ತಿ ಕಲಬುರ್ಗಿ ಮುಟ್ಟಿದ. ಮನೆಯ ಬಾಗಿಲಿಗೆ ಒಳಗಿನಿಂದ ಮೇಜು ಒತ್ತಿಟ್ಟಿದ್ದರು. ಮದೀನಾಬಿ ಅದನ್ನು ಸರಿಸಿ ಅವನನ್ನು ಒಳಗೆ ಬಿಟ್ಟುಕೊಂಡರು. ಅವರ ಜೊತೆ ರಸೂಲನ ತಾಯಿ ಗೋಡೆಗೆ ಒರಗಿ ಕೂತಿದ್ದಳು.

'ಹದಿನೈದು ದಿನ ಆತು,' ಎಂದರು ಮದೀನಾಬಿ. 'ನೀ ಹುಳ ಹಿಡಿದ ಜಾಗಕ್ಕ ಹೋಗ್ಯಾರ. ಆ ಜಾಗ ನಿನ್ನೊಬ್ಬನಿಗೇ ಗೊತ್ತು, ಬೇಟಾ. ನೀ ಹೋದ್ರ ಸಿಗ್ತಾರ.'

ರಸೂಲನ ತಾಯಿ ಅವನ ಕಾಲನ್ನೇ ನೋಡುತ್ತಿದ್ದಳು. ಆ ಕಾಲುಗಳೇ ಮಗನ ಹತ್ತಿರ ಹೋಗುವ ಕಾಲುಗಳು ಎಂಬಂತೆ.

ಭೀಮೆ ದಾಟಿ ಜೇವರ್ಗಿ ಸೇರುವ ಹೊತ್ತಿಗೆ ಸೈದಪ್ಪನಿಗೆ ತನ್ನ ಕೆಲಸ ಏನೆಂಬುದು ಪೂರ್ತಿ ಹೊಳೆದಿತ್ತು. ತಾನೇ ಹುಟ್ಟಿಸಿದ ಜಾಗವನ್ನು ತಾನೇ ಹುಡುಕಬೇಕು. ತೆಂಕಣಕ್ಕೆ ಎರಡು ಹರದಾರಿ, ಹಳ್ಳದ ದಂಡೆ. ಜೇವರ್ಗಿಯ ತೆಂಕಣಕ್ಕೆ ಹಳ್ಳ ಇದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಮಳೆಯ ಎರಿಮಣ್ಣು ಕಾಲಿಗೆ ಸೇರುಗಟ್ಟಲೆ ಅಂಟುತ್ತಿತ್ತು. ಒಂದು ಊರಿನ ಹೊರಗೆ ಸುಟ್ಟ ಮನೆಗಳು ಇನ್ನೂ ಹೊಗೆಯಾಡುತ್ತಿದ್ದವು. ಅವನು ತಲೆ ತಗ್ಗಿಸಿ ದಾಟಿದ.

ಮುದುಕನೊಬ್ಬನನ್ನು ಕಂಡಿರಾ ಎಂದು ಕೇಳಲು ಹೆದರಿಕೆ. ಯಾರ ಮುಂದೆ ಕೇಳಿದರೆ ಏನಾದೀತೋ. ಎರಡನೆಯ ದಿನ ಒಬ್ಬ ದನಗಾಹಿ ಮುದುಕಿ ತಾನಾಗಿಯೇ, 'ನೀನೂ ಕಟ್ಟಿಗಿ ಬಡಿದು ನೋಡೋರ ಪೈಕಿ ಏನು?' ಎಂದು ಕೇಳಿದಳು. ಅವನು ಹೌದೆಂದ. ಅವಳು ಅವನನ್ನು ಕೆಳಗಿನಿಂದ ಮೇಲೆ ನೋಡಿ, ಹಳ್ಳದಾಚೆಯ ಒಂದು ಒಂಟಿ ಮನೆಯ ಕಡೆ ಗದ್ದ ತೋರಿಸಿದಳು.

ಆ ಮನೆಯ ಒಡತಿ ನಿಂಬೆವ್ವ. ಗಂಡ ಸತ್ತು ಹೊಲಮನೆಯಲ್ಲಿ ಒಬ್ಬಳೇ ಇದ್ದಳು. ಸೈದಪ್ಪ ಹೆಸರು, ಊರು ಹೇಳಿದ ಮೇಲೂ ಅವಳು ಬಾಗಿಲಲ್ಲಿ ಅಡ್ಡ ನಿಂತೇ ಇದ್ದಳು. ಒಳಗಿನಿಂದ, 'ಬಿಡವ್ವ, ನಮ್ಮ ಹುಡುಗ' ಎಂಬ ದನಿ ಕೇಳಿತು.

ದನದ ಕೊಟ್ಟಿಗೆಯ ಹಿಂದೆ, ಒಣ ಜೋಳದ ಕಣಕಿಯ ಬಣವೆಯ ಮರೆಯಲ್ಲಿ ಖಾದರಸಾಬರು ಕೂತಿದ್ದರು. ದಾಡಿ ಬೋಳಿಸಿತ್ತು. ನಿಂಬೆವ್ವನ ಗಂಡನ ಧೋತರ ಉಟ್ಟಿದ್ದರು. ಗದ್ದ ಚಿಕ್ಕದಾಗಿ, ಬೆಳ್ಳಗೆ, ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು. ಮಡಿಲಲ್ಲಿ ನೋಟ್‌ಬುಕ್ ಇತ್ತು.

'ಬಂದಿ, ಚಲೋ ಆತು,' ಎಂದರು. 'ನಲವತ್ತೊಂದು ಬೊಡ್ಡಿ ನೋಡಿದೆ ಸೈದಪ್ಪ. ಜಾಲಿ, ಬೇವು, ಹುಣಸಿ, ಒಂದೂ ಬಿಟ್ಟಿಲ್ಲ. ಗಲಾಟಿ ಶುರು ಆಗೋ ಮೊದಲ ದಿನ ತನಕ ನೋಡಿದೆ. ಹುಳದ ಮರಿ ಇರಲಿ, ಅದು ತಿಂದ ಗುರ್ತು ಸುದ್ಧಾ ಇಲ್ಲ. ನನ್ನ ಕಣ್ಣು ಮಂದ ಆಗ್ಯಾವ. ನೀ ಹಿಡಿದದ್ದು ಯಾವ ಗಿಡದಾಗ? ಇಲ್ಲೇ ಹತ್ರ ಇರಬೇಕಲ್ಲ?'

ಸೈದಪ್ಪ ಎದುರಿಗೆ ಕೂತ.

'ನಿಮ್ಮ ಕಣ್ಣು ಚಲೋ ಅದಾವ್ರಿ. ಇಲ್ಲಿ ಹುಳ ಇಲ್ರಿ. ನಾ ಇಲ್ಲಿಗಿ ಬಂದೇ ಇಲ್ಲ. ಇದೇ ಮೊದಲ ಸಲ ಬಂದದ್ದು.'

ಖಾದರಸಾಬರು ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟರು.

'ಮಣ್ಣೂರ?'

'ಅಲ್ಲಿಗೂ ಹೋಗಿಲ್ರಿ. ನಾಕಾದಾಗ ಹೊಡದ್ರು. ಅಂಜಿ ತಿರುಗಿ ಬಂದೆ. ಐದೂ ಆಳಂದದವ ಹುಳ.'

ಖಾದರಸಾಬರು ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ನಲವತ್ತೊಂದು ಸಾಲು. ಪ್ರತಿ ಸಾಲಿನ ಕೊನೆಗೂ 'ಇಲ್ಲ.'

'ಅಂಜಿದ್ದು ತಪ್ಪಲ್ಲೋ,' ಎಂದರು. 'ಅಂಜಿಕಿ ಆತು, ಇಲ್ಲಿ ತನಕ ಹೋದೆ, ಮುಂದ ನೋಡಿಲ್ಲ ಅಂತ ಬರದಿದ್ರ ಅದೂ ಒಂದು ದಾಖಲೆ ಆಗ್ತಿತ್ತು. ಹಂಗ ಬರದಿದ್ರ ನಾ ನಿನ್ನನ್ನ ಇನ್ನೂ ದೊಡ್ಡವ ಅಂತಿದ್ದೆ.'

ಆಮೇಲೆ ಕೇಳಿದರು: 'ರಸೂಲ ಮನಿ ಮುಟ್ಟಿದನ?'

ಸೈದಪ್ಪ ತಲೆ ಎತ್ತಿದ. 'ಅಂವ ನಿಮ್ಮ ಜೋಡಿ ಇಲ್ಲೇನ್ರಿ?'

ನಿಂಬೆವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಉತ್ತರ ಕೊಟ್ಟವಳು ಅವಳೇ. 'ಅಂವ ಹೋಗಿ ಒಂಬತ್ತು ದಿನ ಆತು ತಮ್ಮಾ. ಮುದುಕರು ಇಲ್ಲಿ ಅದಾರಂತ ಮನಿಗಿ ಹೇಳಿ ಬರ್ತೇನಂತ ಎತ್ತು ಹೂಡಿಕೊಂಡು ಹೋದ. ಬ್ಯಾಡಂದೆ. ಕೇಳಲಿಲ್ಲ.' ಸೈದಪ್ಪನ ಕಡೆ ನೋಡಿ ಅಂದಳು, 'ಇಲ್ಲದ ಹುಳ ಹುಡುಕಾಕ ಇವರನ್ನ ಕರಕೊಂಡು ಬಂದಿತ್ತು ಆ ಕೂಸು.'

ಸೈದಪ್ಪ ಬರುವ ದಾರಿಯಲ್ಲಿ ಸುಟ್ಟ ಮನೆಗಳ ಹತ್ತಿರ ಒಂದು ಬಂಡಿಯನ್ನು ಕಂಡಿದ್ದ. ನೊಗ ಮುರಿದಿತ್ತು, ಎತ್ತು ಇರಲಿಲ್ಲ. ನಿಂತು ನೋಡಿರಲಿಲ್ಲ.

ಮೂರು ದಿನದ ಮೇಲೆ ದಾರಿ ತಣ್ಣಗಾಗಿದೆ ಎಂದು ತಿಳಿದು ಅವನು ಮುದುಕರನ್ನು ಕರೆದುಕೊಂಡು ಕಲಬುರ್ಗಿಗೆ ಬಂದ. ದಾರಿಯಲ್ಲಿ ಆ ಬಂಡಿಯ ಹತ್ತಿರ ಖಾದರಸಾಬರು ನಿಂತು, ಗಾಲಿಯ ಮೇಲೆ ಕೈಯಿಟ್ಟು, 'ಇದೇ' ಎಂದರು. ರಸೂಲ ಆಗಲೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ. ಮನೆಯಲ್ಲಿ ಮದೀನಾಬಿ ಗಂಡನ ಬೋಳು ಗದ್ದ ಮುಟ್ಟಿ ಅತ್ತರು, ಸೈದಪ್ಪನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಅವರಿಗೆ ಖಾದರಸಾಬರು ಇನ್ನೂ ಏನೂ ಹೇಳಿರಲಿಲ್ಲ. ಆ ಕೈಯ ಕೆಳಗೆ ಸೈದಪ್ಪ ನಿಲ್ಲಲಾರದೆ ನಿಂತ. ರಸೂಲನ ತಾಯಿ ಬಾಗಿಲ ಹೊರಗೆ, ಬಂಡಿ ನಿಲ್ಲುವ ಜಾಗ ನೋಡುತ್ತ ಕೂತಿದ್ದಳು. ಅವಳನ್ನು ಅವನು ಗೋಡೆಯಂಚಿಗೆ ಸರಿದು ದಾಟಿ ಹೋದ.

ಅಕ್ಟೋಬರ್‌ನಲ್ಲಿ ಖಾದರಸಾಬರು ಅವನನ್ನು ಕರೆಸಿ ಪೆಟ್ಟಿಗೆ ಮುಂದಿಟ್ಟರು. ಐದು ಚೀಟಿಗಳನ್ನು ಅವನ ಕೈಯಿಂದಲೇ ತೆಗೆಸಿ, ಅವನ ಕೈಯಿಂದಲೇ ಹೊಸದು ಬರೆಸಿದರು. ಆಳಂದದ ಗುಡ್ಡ. ಧೂಪದ ಗಿಡ. ಹಿಡಿದವರ ಹೆಸರು ಬರೆಯುವಲ್ಲಿ ಸೈದಪ್ಪ ಒಂದು ಕ್ಷಣ ತಡೆದು, ಮಲ್ಕಮ್ಮ ಎಂದು ಬರೆದ. ಪೆಟ್ಟಿಗೆಯಲ್ಲಿದ್ದ ಉಳಿದ ಹುಳಗಳ ಚೀಟಿಗಳನ್ನೂ ಕೇಳಿ ತೆಗೆದು ಹಾಗೆಯೇ ಬರೆದ. ಹೋದ ವರ್ಷ ತಿಳಿಸಿದ್ದ ಮಣ್ಣೂರ, ಜೇವರ್ಗಿಗಳನ್ನು ತೆಗೆಯಿರಿ ಎಂದು ಕಲಕತ್ತೆಯ ತಜ್ಞರಿಗೆ ಹೋಗಬೇಕಾದ ಕಾಗದವನ್ನೂ ಅವನೇ ಬರೆದ. ಅದರಲ್ಲಿ, ಈ ತಪ್ಪು ಕಣ್ತಪ್ಪಲ್ಲ, ತಿಳಿದೇ ಮಾಡಿದ್ದು, ಎಂಬ ಮಾತು ಇರಬೇಕೆಂದು ಖಾದರಸಾಬರು ಹೇಳಲಿಲ್ಲ. ಅವನಾಗಿಯೇ ಸೇರಿಸಿದ. ಅವರು ಓದಿ ಸಹಿ ಹಾಕಿದರು. ಬೈಯಲಿಲ್ಲ. ಪ್ರಬಂಧದ ಮೊದಲ ಹಾಳೆಯಿಂದ ತನ್ನ ಹೆಸರು ಹೊಡೆದುಹಾಕಿದ್ದನ್ನು ಸೈದಪ್ಪ ನೋಡಿದ.

'ಮಣ್ಣೂರ ಯಾರೂ ನೋಡಿಲ್ರಿ ಇನ್ನೂ,' ಎಂದ ಸೈದಪ್ಪ.

'ನೋಡು,' ಎಂದರು ಅವರು. ಅಷ್ಟೇ.

ನವೆಂಬರ್ ಪೂರ್ತಿ ಅವನು ಅಫಜಲಪುರದ ಕಡೆ ತಿರುಗಿದ. ಮಣ್ಣೂರದ ಹೊಳೆದಂಡೆಯಲ್ಲಿ ಅರವತ್ತು ಬೊಡ್ಡೆ ಬಡಿದು ನೋಡಿದ. ಜನ ಹುಚ್ಚನೆಂದರು. ಪ್ರತಿ ಸಾಲಿಗೂ 'ಇಲ್ಲ' ಎಂದು ಬರೆದ. ಹಿಂದಿರುಗುವಾಗ ಗುಡ್ಡಕ್ಕೆ ಹೋಗಿ ಮಲ್ಕಮ್ಮನ ಕೇರಿಯ ಒಳಗೇ ಹೋದ. ಅವಳು ಗಡಿಬಿಡಿಯಿಂದ ಎದ್ದು ನಿಂತಳು. ಅವನು ನಡೆದದ್ದೆಲ್ಲ ಹೇಳಿದ.

'ನನಗ ಅವತ್ತೇ ಗೊತ್ತಾಗಿತ್ರಿ,' ಅಂದಳು ಅವಳು. 'ನಿಮ್ಮ ಮಾರಿ ನೋಡಿ ಪಾಪ ಅನಿಸ್ತು, ಸುಮ್ಮನಾದೆ. ನಾ ಸುಮ್ಮನಾಗಬಾರದಿತ್ತು. ಗಟ್ಟ್ಯಾಗಿ ಹೇಳಿದ್ರ ಆ ಮುದುಕರು ಹೋಗ್ತಿದ್ದಿಲ್ಲ. ಆ ಹುಡುಗನೂ ಹೋಗ್ತಿದ್ದಿಲ್ಲ.'

'ನಿಂದೇನು ತಪ್ಪಿಲ್ಲ ಮಲ್ಕಮ್ಮ.'

'ಇರಲಿ ಬಿಡ್ರಿ. ನಿಮಗ ಹಂಗ ಅನಿಸ್ತದ,' ಎಂದು ಅವಳು ಮುಖ ತಿರುಗಿಸಿದಳು. ತನ್ನ ನಾಚಿಕೆಯಲ್ಲಿ ಇವಳಿಗೂ ಪಾಲು ಕೊಟ್ಟೆನಲ್ಲ ಎಂದು ಸೈದಪ್ಪ ಗುಡ್ಡ ಇಳಿದ. ಉಳಿದದ್ದು ಒಂದೇ ಮನೆ. ಎರಡು ತಿಂಗಳಿಂದ ಅವನು ಯಾವ ಓಣಿಯನ್ನು ಬಿಟ್ಟು ಸುತ್ತು ಹೊಡೆದು ಹೋಗುತ್ತಿದ್ದನೋ ಆ ಓಣಿಯ ಮನೆ.

ಡಿಸೆಂಬರ್ ಮೊದಲ ವಾರ, ಬೆಳಗಿನ ಬಿಸಿಲಿನಲ್ಲಿ, ರಸೂಲನ ತಾಯಿ ಖಾಲಿ ದನದ ಕೊಟ್ಟಿಗೆ ಗುಡಿಸುತ್ತಿದ್ದಳು. ಸೈದಪ್ಪ ಅವಳ ಮುಂದೆ ನೆಲದ ಮೇಲೆ ಕೂತ. ಹುಳದಿಂದ ಶುರು ಮಾಡಿ ಬಂಡಿಯವರೆಗೆ ಹೇಳಿದ. ನಡುವೆ ನಿಲ್ಲಿಸಲಿಲ್ಲ. ಅವಳು ಕಸಬರಿಗೆ ಹಿಡಿದುಕೊಂಡೇ ಕೇಳಿದಳು. ಹುಳದ ಮಾತು ಅವಳಿಗೆ ಎಷ್ಟು ತಿಳಿಯಿತೋ ಏನೋ. ಎಲ್ಲ ಮುಗಿದ ಮೇಲೆ ಒಂದೇ ಕೇಳಿದಳು.

'ಆ ಹೆಣ್ಮಗಳ ಮನಿಂದ ಹೊಂಟಾಗ ನನ್ನ ಮಗ ಏನರ ಉಂಡಿದ್ದನ?'

ಉಂಡಿದ್ದ ಎಂದುಬಿಡಬಹುದಿತ್ತು. ಯಾರಾದರೂ ಅದನ್ನೇ ಹೇಳುತ್ತಿದ್ದರು. ಮುದುಕಿಯ ಜೀವಕ್ಕೂ ತಂಪಾಗುತ್ತಿತ್ತು. ಆ ಮಾತು ಸೈದಪ್ಪನ ನಾಲಿಗೆಯ ತುದಿಗೆ ಬಂತು.

'ನನಗ ಗೊತ್ತಿಲ್ಲವ್ವ,' ಎಂದ. 'ಕೇಳಿ ಬರ್ತೇನಿ.'

ಅವನು ಅಲ್ಲಿಂದ ಮನೆಗೆ ಹೋಗದೆ ಜೇವರ್ಗಿಯ ದಾರಿ ಹಿಡಿದ. ಭೀಮೆಯಲ್ಲಿ ನೀರಿಳಿದಿತ್ತು. ನಿಂಬೆವ್ವ ಕಣದಲ್ಲಿ ಕಸ ತೆಗೆಯುತ್ತಿದ್ದಳು. ಅವನನ್ನು ಕಂಡು ಮುಖ ಬಿಗಿದಳು. ಯಾಕೆ ಬಂದನೆಂದು ತಿಳಿದ ಮೇಲೆ ಕೆಲಸ ಬಿಟ್ಟು ಕೂತು, ಕಣ್ಣು ಮುಚ್ಚಿ ನೆನಪು ಮಾಡಿಕೊಂಡು ಒಂದೊಂದಾಗಿ ಹೇಳಿದಳು. ಅವನು ಬರೆದುಕೊಂಡ.

ಐದನೆಯ ದಿನ ಅವನು ಮತ್ತೆ ರಸೂಲನ ತಾಯಿಯ ಮುಂದೆ ಕೂತು ಓದಿ ಹೇಳಿದ. ಅವತ್ತು ಬೆಳಿಗ್ಗೆ ರಸೂಲ ಜೋಳದ ರೊಟ್ಟಿ ಎರಡು ತಿಂದ, ಪುಂಡಿಪಲ್ಲೆಯ ಜೊತೆ. ಮಜ್ಜಿಗೆ ಬೇಡ ಅಂದ. ಮೂರನೆಯ ರೊಟ್ಟಿಯನ್ನು ನಿಂಬೆವ್ವ ಅರಿವೆಯಲ್ಲಿ ಕಟ್ಟಿಕೊಟ್ಟಳು. ಅದನ್ನು ತಿಂದನೋ ಇಲ್ಲವೋ ಗೊತ್ತಿಲ್ಲ.

'ಇನ್ನೊಮ್ಮಿ ಓದು,' ಅಂದಳು ಮುದುಕಿ.

ಅವನು ಇನ್ನೊಮ್ಮೆ ಓದಿದ.